ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಆ ಕಡೆಯ ಫೈಲು, ಪ್ರೋಗ್ರಾಂ ಈ ಕಡೆ ತೆರೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಚೆಕ್‌ರೋಲ್, ಬಟವಾಡೆ ಲೆಕ್ಕ, ಮಳೆ ದಾಖಲೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ನಾನೇ ಬರೆದಿಡುತ್ತೇನೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮಗ ರಜೆಗೆ ಬಂದಾಗ ಅದೇ ಲ್ಯಾಪ್‌ಟಾಪಿಗೆ ವಿಂಡೋಸ್ ಜೊತೆ ಲಿನಕ್ಸ್ ಮಿಂಟ್ ಹಾಕಿದ್ದಾನೆ. ಮಿಂಟ್ ನನಗೂ ಇಷ್ಟವಾಗಿದೆ. ಆದರೆ ಮೂರು ತೊಂದರೆ. ಮಿಂಟ್‌ನಲ್ಲಿ ಡಿ ಡ್ರೈವ್ ತೆರೆಯುತ್ತದೆ, ಫೈಲ್ ಓದಬಹುದು, ಸೇವ್ ಮಾಡಲು ಹೋದರೆ ‘ರೀಡ್ ಓನ್ಲಿ’ ಎನ್ನುತ್ತದೆ. ಕೆಲವು ದಿನ ಮಾತ್ರ ಸರಿಯಾಗಿ ಸೇವ್ ಆಗುತ್ತದೆ. ಎರಡನೆಯದು, ಬ್ಯಾಕಪ್‌ಗೆಂದು ಮಗ ಮಿಂಟ್‌ನಲ್ಲಿ ಸಿದ್ಧ ಮಾಡಿಕೊಟ್ಟ ಹೊರಗಿನ ಹಾರ್ಡ್ ಡಿಸ್ಕನ್ನು ವಿಂಡೋಸ್‌ಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ. ಮೂರನೆಯದು, ವಿಂಡೋಸ್‌ನಲ್ಲಿರುವ ಟ್ಯಾಲಿ, ನುಡಿ ಎರಡನ್ನೂ ಮಿಂಟ್‌ನಿಂದಲೇ ತೆರೆಯಬಹುದೇ? ಪ್ರತಿ ಸಲ ರೀಸ್ಟಾರ್ಟ್ ಮಾಡಿ ಸಾಕಾಗಿದೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಪಾಯ ಇರುವುದು ಅಲ್ಲಿ. ಆ ಹಾರ್ಡ್ ಡಿಸ್ಕ್ ಹಾಕಿದಾಗ ವಿಂಡೋಸ್ ತೋರಿಸುವ ‘ಫಾರ್ಮ್ಯಾಟ್ ಡಿಸ್ಕ್’ ಬಟನ್ ಒತ್ತಬೇಡಿ. ‘ಕ್ಯಾನ್ಸಲ್’ ಒತ್ತಿ ಡಿಸ್ಕ್ ತೆಗೆದಿಡಿ. ಮನೆಯಲ್ಲಿ ಆ ಲ್ಯಾಪ್‌ಟಾಪ್ ಬಳಸುವವರು ಬೇರೆ ಯಾರಾದರೂ ಇದ್ದರೆ ಅವರಿಗೂ ಹೇಳಿಡಿ. ಡಿಸ್ಕ್ ಕೆಟ್ಟಿಲ್ಲ. ಒಳಗಿನ ಫೈಲುಗಳು ಹಾಗೇ ಇವೆ. ವಿಂಡೋಸ್‌ಗೆ ಅವನ್ನು ಓದಲು ಬರುವುದಿಲ್ಲ, ಅಷ್ಟೇ. ಅದಕ್ಕೇ ಹೊಸದಾಗಿ ಫಾರ್ಮ್ಯಾಟ್ ಮಾಡೋಣವೇ ಎಂದು ಕೇಳುತ್ತಿದೆ. ಹೂಂ ಅಂದರೆ ಬ್ಯಾಕಪ್ ಹೋಯಿತು.

ಓದಲು ಬಾರದಿರುವುದಕ್ಕೆ ಕಾರಣ ಇದು. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ, ಎಷ್ಟು ಜಾಗ ಹಿಡಿದಿದೆ, ಯಾವ ಜಾಗ ಖಾಲಿ ಇದೆ ಎಂದು ಬರೆದಿಡುವ ಒಂದು ಪದ್ಧತಿ ಇರುತ್ತದೆ. ಅದಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್‌ನದು ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಮಿಂಟ್‌ನಂಥ ಲಿನಕ್ಸ್‌ಗಳು ಸಾಮಾನ್ಯವಾಗಿ ಬಳಸುವುದು ಎಕ್ಸ್‌ಟಿ4. ಅದು 2008ರ ಕೊನೆಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿತು. ಲಿನಕ್ಸ್ ಕಟ್ಟಿದವರು ವರ್ಷಗಟ್ಟಲೆ ಕೂತು ಎನ್‌ಟಿಎಫ್‌ಎಸ್ ಓದುವುದನ್ನೂ ಬರೆಯುವುದನ್ನೂ ಸಾಧಿಸಿದರು. ಮೊದಲು ಎನ್‌ಟಿಎಫ್‌ಎಸ್-3ಜಿ ಎಂಬ ಡ್ರೈವರ್ (ಡಿಸ್ಕ್ ಓದಿ ಬರೆಯಲು ಸಿಸ್ಟಂಗೆ ನೆರವಾಗುವ ಪ್ರೋಗ್ರಾಂ) ಬಂತು. 2021ರಲ್ಲಿ ಪ್ಯಾರಗಾನ್ ಕಂಪನಿ ಬರೆದುಕೊಟ್ಟ ಇನ್ನೊಂದು ಡ್ರೈವರ್ 5.15ನೇ ಕರ್ನಲ್‌ನೊಳಗೇ ಸೇರಿತು. ಈ ಕಡೆ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ಮಾತ್ರ ಎಕ್ಸ್‌ಟಿ4 ಡಿಸ್ಕನ್ನು ನೇರವಾಗಿ ತೆರೆಯುವುದಿಲ್ಲ. ಹಾಗಾಗಿ ಮಿಂಟ್‌ನಲ್ಲಿ ಕೂತರೆ ವಿಂಡೋಸ್ ಫೈಲು ಕಾಣುತ್ತದೆ. ವಿಂಡೋಸ್‌ನಲ್ಲಿ ಕೂತರೆ ಮಿಂಟ್ ಫೈಲು ಕಾಣುವುದಿಲ್ಲ. ನಿಮ್ಮ ಮಗ ಏನೂ ತಪ್ಪು ಮಾಡಿಲ್ಲ.

ಈ ಡಿಸ್ಕನ್ನು ಏನು ಮಾಡಬೇಕು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಈಗ ಡಿ ಡ್ರೈವ್.

‘ಕೆಲವು ದಿನ ಮಾತ್ರ ಸೇವ್ ಆಗುತ್ತದೆ’ ಎಂದು ಬರೆದಿದ್ದೀರಲ್ಲ, ಅದೇ ಸುಳಿವು. ಯಾವ ದಿನ ಸೇವ್ ಆಗುತ್ತದೆ ಎಂದು ಗಮನಿಸಿ ನೋಡಿ. ವಿಂಡೋಸ್‌ನಲ್ಲಿ ‘ರೀಸ್ಟಾರ್ಟ್’ ಒತ್ತಿ ಮಿಂಟ್‌ಗೆ ಬಂದ ದಿನ ಸರಿ ಇರುತ್ತದೆ. ‘ಶಟ್‌ಡೌನ್’ ಮಾಡಿ, ಆಮೇಲೆ ಆನ್ ಮಾಡಿ ಮಿಂಟ್‌ಗೆ ಬಂದ ದಿನ ‘ರೀಡ್ ಓನ್ಲಿ’ ಆಗಿರುತ್ತದೆ. ಶಟ್‌ಡೌನ್ ಅಂದರೆ ಪೂರ್ತಿ ಆಫ್, ರೀಸ್ಟಾರ್ಟ್ ಅಂದರೆ ಅರ್ಧ ಆಫ್ ಎಂದು ನಾವೆಲ್ಲ ತಿಳಿದಿರುತ್ತೇವೆ, ಅಲ್ವಾ? ವಿಂಡೋಸ್ 8ರಿಂದ, ಅಂದರೆ 2012ರಿಂದ, ಅದು ತಿರುಗಿಬಿಟ್ಟಿದೆ. ಆಗ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚುತ್ತದೆ, ಆದರೆ ತಾನು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ತಿರುಳಿನ ಆಗಿನ ಸ್ಥಿತಿಯನ್ನು ಸಿ ಡ್ರೈವಿನ ಒಂದು ದೊಡ್ಡ ಫೈಲಿಗೆ ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಮೊದಲಿಂದ ಶುರು ಮಾಡುವ ಬದಲು ಅಲ್ಲಿಂದಲೇ ಎದ್ದು ಬರುತ್ತದೆ. ಬೇಗ ಆನ್ ಆಗುವುದರ ಗುಟ್ಟು ಅದೇ.

ಸಿ ಡ್ರೈವ್ ಅಷ್ಟೇ ಅಲ್ಲ, ಡಿ ಡ್ರೈವಿನ ಲೆಕ್ಕವೂ ಆ ಮಲಗಿದ ವಿಂಡೋಸ್‌ನ ತಲೆಯಲ್ಲಿ ಉಳಿದಿರುತ್ತದೆ. ನಿಮ್ಮ ತೋಟದ್ದೇ ಉದಾಹರಣೆ ಹೇಳುತ್ತೇನೆ. ರೈಟರು ಆಳುಗಳ ಹಾಜರಿಯನ್ನು ಹಗಲು ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಸಂಜೆ ಚೆಕ್‌ರೋಲ್‌ಗೆ ಏರಿಸುತ್ತಾರೆ. ಮಧ್ಯಾಹ್ನ ಇನ್ನೊಬ್ಬರು ಬಂದು ಚೆಕ್‌ರೋಲ್ ತೆಗೆದು, ಖಾಲಿ ಕಂಡ ಮನೆಗಳಲ್ಲಿ ತಮ್ಮ ಲೆಕ್ಕ ಬರೆದರೆ? ಸಂಜೆ ರೈಟರು ಜೇಬಿನ ಪುಸ್ತಕ ನೋಡಿಕೊಂಡು ಅದರ ಮೇಲೆಯೇ ಬರೆಯುತ್ತಾರೆ. ಇಬ್ಬರ ಲೆಕ್ಕವೂ ಹಾಳು. ಮಲಗಿದ ವಿಂಡೋಸ್‌ನ ಜೇಬಿನಲ್ಲಿ ಅಂಥದೊಂದು ಪುಸ್ತಕ ಇದೆ ಎಂದು ಮಿಂಟ್‌ಗೆ ಗೊತ್ತಾಗುತ್ತದೆ. ಅದಕ್ಕೇ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಆ ‘ರೀಡ್ ಓನ್ಲಿ’ ನಿಮ್ಮ ಲೆಕ್ಕ ಕಾಯುತ್ತಿದೆ. ಅದು ದೋಷವಲ್ಲ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹುಡುಕಿದರೆ ‘ಹೀಗೊಂದು ಆಜ್ಞೆ ಕೊಡಿ, ಜೋರು ಮಾಡಿ ತೆರೆಯಿರಿ’ ಎನ್ನುವ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಪ್ರೋಗ್ರಾಂ ಓಡಿಸಿ ಎನ್ನುತ್ತಾರೆ. ಹೆಸರು ನೋಡಿದರೆ ರಿಪೇರಿ ಮಾಡುವಂತಿದೆ, ಆದರೆ ಅದು ಕೆಲವು ಸಣ್ಣ ದೋಷ ಸರಿಪಡಿಸಿ, ‘ಇಲ್ಲಿ ಏನೋ ಬಾಕಿ ಇದೆ’ ಎಂಬ ಗುರುತನ್ನು ಅಳಿಸುತ್ತದೆ. ಪೂರ್ತಿ ಪರೀಕ್ಷೆ ಮಾಡುವುದಿಲ್ಲ. ಇನ್ನೊಂದು ಸಲಹೆ ವಿಂಡೋಸ್ ಮಲಗುವಾಗ ಬರೆದಿಟ್ಟ ಫೈಲನ್ನೇ ಅಳಿಸುವುದು. ಅದರ ಜೊತೆಗೆ ವಿಂಡೋಸ್ ಉಳಿಸಿಕೊಂಡಿದ್ದ ಸ್ಥಿತಿಯೂ ಹೋಗುತ್ತದೆ. ವರ್ಷದ ಲೆಕ್ಕ ಇರುವ ಡ್ರೈವಿನ ಮೇಲೆ ಇವೆರಡನ್ನೂ ಮಾಡಬೇಡಿ.

ಸರಿಯಾದ ದಾರಿ ವಿಂಡೋಸ್ ಕಡೆಯಿಂದ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪವರ್ ಆಪ್ಷನ್ಸ್’ ತೆರೆಯಿರಿ. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂದಿರುತ್ತದೆ. ಅದರೊಳಗೆ ಹೋದರೆ ಮೇಲ್ಗಡೆ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಎಂಬ ಸಾಲು. ಅದನ್ನು ಒತ್ತಿದ ಮೇಲೆಯೇ ಕೆಳಗಿನ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಟಿಕ್ ತೆಗೆಯಲು ಬರುವುದು. ತೆಗೆದು ಸೇವ್ ಮಾಡಿ. ಆಮೇಲೆ ಒಮ್ಮೆ ಶಟ್‌ಡೌನ್ ಮಾಡಿ, ಮಿಂಟ್‌ಗೆ ಬಂದು ಡಿ ಡ್ರೈವಿನಲ್ಲಿ ಒಂದು ಸಣ್ಣ ಫೈಲ್ ಸೇವ್ ಮಾಡಿ ನೋಡಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಟಿಕ್ ಮತ್ತೆ ಬಂದಿದೆಯೇ ಎಂದು ಒಂದು ಕಣ್ಣು ಹಾಯಿಸಿ. ‘ಹೈಬರ್ನೇಟ್’ ಮಾಡಿ ಮಿಂಟ್‌ಗೆ ಬರುವ ಅಭ್ಯಾಸವಂತೂ ಬೇಡ. ಅದರಲ್ಲೂ ಇದೇ ತೊಂದರೆ, ಇನ್ನೂ ಜಾಸ್ತಿ. ಅವಸರದಲ್ಲಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಆ ಒಂದು ಸಲ ಪೂರ್ತಿ ಆಫ್ ಆಗುತ್ತದೆ.

ಇಷ್ಟು ಮಾಡಿದರೂ ಒಂದೊಂದು ದಿನ ಡ್ರೈವ್ ಬರೆಯಲು ಬಿಡದಿರಬಹುದು, ಅಥವಾ ತೆರೆಯುವುದೇ ಇಲ್ಲ ಎನ್ನಬಹುದು. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸೋತಿದ್ದರೆ ಕರೆಂಟು ಹೋದ ಕೂಡಲೇ ಅದೂ ಆಫ್. ಆಗ ಎನ್‌ಟಿಎಫ್‌ಎಸ್ ಡ್ರೈವಿನ ಮೇಲೆ ‘ಸರಿಯಾಗಿ ಮುಚ್ಚಿಲ್ಲ’ ಎಂಬ ಗುರುತು ಉಳಿಯುತ್ತದೆ. ಲಿನಕ್ಸ್‌ನ ಹೊಸ ಡ್ರೈವರ್ ಆ ಗುರುತು ಕಂಡರೆ ಡ್ರೈವನ್ನು ತೆರೆಯಲು ಒಪ್ಪುವುದಿಲ್ಲ. ಔಷಧಿ ಒಂದೇ: ವಿಂಡೋಸ್‌ಗೆ ಹೋಗಿ, ಡಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ಒಳಗೆ ‘ಟೂಲ್ಸ್’, ಅಲ್ಲಿ ‘ಚೆಕ್’. ಅದು ಪರೀಕ್ಷೆ ಮುಗಿಸಲಿ. ಎನ್‌ಟಿಎಫ್‌ಎಸ್ ರಿಪೇರಿ ಕೆಲಸವನ್ನು ಯಾವತ್ತೂ ವಿಂಡೋಸ್‌ಗೇ ಬಿಡಬೇಕು. ಎಕ್ಸ್‌ಟಿ4 ರಿಪೇರಿಯನ್ನು ಲಿನಕ್ಸ್‌ಗೆ ಬಿಡಬೇಕು.

ಡ್ರೈವಿನ ಮೇಲೆ ಬೀಗದ ಚಿತ್ರ ಕಂಡು ಮಿಂಟ್ ಪಾಸ್‌ವರ್ಡ್ ಕೇಳಿದರೆ ವಿಷಯ ಬೇರೆ. ಅದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡ್ರೈವಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಕೇಳದೆಯೇ ಆನ್ ಆಗಿರುವುದುಂಟು. ಅದನ್ನು ಬಿಡಿಸಲು 48 ಅಂಕಿಗಳ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಇದೆಯೋ ಇಲ್ಲವೋ ಇವತ್ತೇ ನೋಡಿ. ಇದ್ದರೆ ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಎರಡು ಸಿಸ್ಟಂ ಇರುವ ಯಂತ್ರದಲ್ಲಿ ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ ಆನ್ ಆಗುವಾಗಲೇ ಆ ಕೀ ಕೇಳಿಬಿಡಬಹುದು. ಆಗ ಹುಡುಕಾಡುವ ಹಾಗಾಗಬಾರದು.

ಡಿ ಡ್ರೈವ್ ಸರಿಯಾಯಿತು ಎಂದುಕೊಳ್ಳಿ. ಇನ್ನು ಮುಂದೆ ಎರಡೂ ಕಡೆ ಬೇಕಾದ ಫೈಲುಗಳು ಅಲ್ಲೇ ಇರಲಿ: ಮಳೆ ದಾಖಲೆ, ಚೆಕ್‌ರೋಲ್, ಪತ್ರಗಳು, ಫೋಟೋ. ಸಿ ಡ್ರೈವೂ ಮಿಂಟ್‌ನಲ್ಲಿ ಕಾಣುತ್ತದೆ, ಅಲ್ಲಿಂದ ಓದಿ, ಆದರೆ ಬರೆಯಬೇಡಿ. ಅದು ವಿಂಡೋಸ್‌ನ ಮನೆ. ಹಾಗೇ ಮಿಂಟ್‌ನ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆಂದು ಬೇರೆ ಮಾಡಿದ ಭಾಗ) ಒಳಗೆ ವಿಂಡೋಸ್ ಕೈ ಹಾಕುವ ಹಾಗೆ ಮಾಡಿಕೊಳ್ಳಬೇಡಿ. ಇಬ್ಬರಿಗೂ ಒಂದು ಹೊರಜಗಲಿ ಇದ್ದರೆ ಸಾಕು.

ಆ ಜಾಗ ಎನ್‌ಟಿಎಫ್‌ಎಸ್ ಆಗಿಯೇ ಇರಲಿ. ಎಕ್ಸ್‌ಫ್ಯಾಟ್ ಮಾಡಿ ಎಂದು ಕೆಲವರು ಹೇಳುತ್ತಾರೆ. ಎರಡೂ ಕಡೆ ಸಲೀಸಾಗಿ ತೆರೆಯುತ್ತದೆ ಎನ್ನುವುದು ನಿಜ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರ ಬಿಡುಗಡೆ ಮಾಡಿದ ಮೇಲೆ ಲಿನಕ್ಸ್ ಕರ್ನಲ್‌ನಲ್ಲೂ ಅದು ಸೇರಿದೆ. ಪೆನ್‌ಡ್ರೈವ್‌ಗೆ ಅದೇ ಒಳ್ಳೆಯದು. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಅಂದರೆ ಬರೆಯುವ ಮುಂಚೆ ‘ಇಂಥದ್ದು ಮಾಡಲಿದ್ದೇನೆ’ ಎಂದು ಗುರುತು ಹಾಕಿಕೊಳ್ಳುವ ಪದ್ಧತಿ ಇಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಪೆಟ್ಟು ಜಾಸ್ತಿ. ನಿಮ್ಮ ಊರಿನಲ್ಲಿ ಲೆಕ್ಕದ ಫೈಲುಗಳಿಗೆ ನಾನು ಅದನ್ನು ಹೇಳುವುದಿಲ್ಲ. ಹಳೆಯ ಫ್ಯಾಟ್32 ಅಂತೂ ಬೇಡ. ಅದರಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲನ್ನು ಇಡಲು ಬರುವುದಿಲ್ಲ. ಮದುವೆ ವಿಡಿಯೊ ಕಾಪಿ ಮಾಡುವಾಗ ಅರ್ಧದಲ್ಲಿ ನಿಲ್ಲುವುದು ಹೀಗೇ.

ಫೈಲಿನ ಹೆಸರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕನ್ನಡದಂಥ ಭಾಷೆಗಳಲ್ಲಿ ಹೆಸರಿಡುವವರಿಗೆ ಬರುವ ಒಂದು ತೊಂದರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಎರಡೂ ಸಿಸ್ಟಂಗಳಲ್ಲಿ ಕನ್ನಡ ಹೆಸರು ಚೆನ್ನಾಗಿ ನಡೆಯುತ್ತದೆ. ಆದರೆ ಉದ್ದಕ್ಕೆ ಮಿತಿ ಇದೆ, ಆ ಮಿತಿಯನ್ನು ಇಬ್ಬರೂ ಬೇರೆ ಬೇರೆ ರೀತಿ ಎಣಿಸುತ್ತಾರೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳು. ಎಕ್ಸ್‌ಟಿ4ನಲ್ಲಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಲಿನಕ್ಸ್‌ನಲ್ಲಿ 3 ಬೈಟ್ ಬೇಕು. ‘ಳೆ’ ಎನ್ನುವುದು ನಮಗೆ ಒಂದಕ್ಷರ, ಯಂತ್ರಕ್ಕೆ ಳಕಾರ ಮತ್ತು ಎತ್ವ ಸೇರಿ ಎರಡು ಸಂಕೇತ, 6 ಬೈಟ್. ‘ಕ್ಷ’ ಅಂದರೆ ಮೂರು ಸಂಕೇತ, 9 ಬೈಟ್. ಹೀಗಾಗಿ ಮಿಂಟ್ ಕಡೆ 85 ಸಂಕೇತಕ್ಕೆ ಕನ್ನಡ ಹೆಸರು ಮುಗಿಯಿತು. ‘2024ನೇ ಸಾಲಿನ ಮುಂಗಾರು ಮಳೆ ದಾಖಲೆ ಮೇಲಿನ ತೋಟ ಮತ್ತು ಕೆಳಗಿನ ತೋಟ ಇಂಚು ಸೆಂಟು ಲೆಕ್ಕ ಮತ್ತೊಮ್ಮೆ ತಿದ್ದಿದ್ದು ಕೊನೆಯದು’ ಎಂಬಂಥ ಹೆಸರಿಟ್ಟರೆ ವಿಂಡೋಸ್ ಸುಮ್ನೆ ಒಪ್ಪುತ್ತದೆ, ಮಿಂಟ್‌ನ ನಿಮ್ಮ ಹೋಮ್ ಫೋಲ್ಡರಿಗೆ ಕಾಪಿ ಮಾಡಲು ಹೋದರೆ ‘ಫೈಲ್ ನೇಮ್ ಟೂ ಲಾಂಗ್’ ಎನ್ನುತ್ತದೆ. ‘ಮಳೆ 2024 ಮೇಲಿನ ತೋಟ’ ಎಂದಿಟ್ಟರೆ ಯಾವ ತಕರಾರೂ ಇಲ್ಲ.

ಇನ್ನೊಂದು, ಮಿಂಟ್‌ನಲ್ಲಿ ಕೂತು ಹೆಸರಿಡುವಾಗ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಎರಡೆಳೆ ಉದ್ಧರಣ ಚಿಹ್ನೆ ಹಾಕಬೇಡಿ. ಲಿನಕ್ಸ್‌ಗೆ ಇವು ಅಡ್ಡಿಯಿಲ್ಲ, ವಿಂಡೋಸ್‌ಗೆ ನಿಷಿದ್ಧ. ಅಂಥ ಫೈಲು ವಿಂಡೋಸ್‌ನಲ್ಲಿ ಕಂಡರೂ ತೆರೆಯುವುದಿಲ್ಲ, ಅಳಿಸಲೂ ಬರುವುದಿಲ್ಲ. ಇಂಗ್ಲಿಷ್ ಹೆಸರಾದರೆ ದೊಡ್ಡಕ್ಷರ, ಸಣ್ಣಕ್ಷರದಲ್ಲಿ ಮಾತ್ರ ವ್ಯತ್ಯಾಸ ಇರುವ ಎರಡು ಫೈಲು ಒಂದೇ ಫೋಲ್ಡರಿನಲ್ಲಿ ಇಡಬೇಡಿ. ಲಿನಕ್ಸ್‌ಗೆ ಅವು ಎರಡು, ವಿಂಡೋಸ್‌ಗೆ ಒಂದೇ.

ಡಿ ಡ್ರೈವಿನಲ್ಲಿ ಮಿಂಟ್‌ನಿಂದ ಏನಾದರೂ ಅಳಿಸಿದರೆ ಅದು ಅಲ್ಲೇ ‘ಟ್ರ್ಯಾಶ್-1000’ ಎಂಬಂಥ ಹೆಸರಿನ ಫೋಲ್ಡರಿಗೆ ಹೋಗುತ್ತದೆ. ವಿಂಡೋಸ್‌ಗೆ ಬಂದು ‘ಇದೇನು, ಜಾಗ ಖಾಲಿಯೇ ಆಗಿಲ್ಲವಲ್ಲ’ ಎಂದುಕೊಳ್ಳಬೇಡಿ. ಮಿಂಟ್‌ನಲ್ಲಿ ಟ್ರ್ಯಾಶ್ ಖಾಲಿ ಮಾಡಿದರೆ ಜಾಗ ಸಿಗುತ್ತದೆ. ಹಾಗೇ ಮಿಂಟ್‌ನಲ್ಲಿ ಡಿ ಡ್ರೈವ್ ತೆರೆದಾಗ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್’, ‘ರಿಸೈಕಲ್ ಬಿನ್’ ಎಂಬ ಫೋಲ್ಡರುಗಳು ಕಾಣಬಹುದು. ವಿಂಡೋಸ್ ಅವನ್ನು ಮುಚ್ಚಿಟ್ಟಿರುತ್ತದೆ, ಲಿನಕ್ಸ್ ತೋರಿಸುತ್ತದೆ. ಬೇಡದ್ದು ಎಂದು ಅಳಿಸಬೇಡಿ, ಇರಲಿ.

ವಿಂಡೋಸ್‌ನಲ್ಲಿ ಒನ್‌ಡ್ರೈವ್ ಬಳಸುತ್ತಿದ್ದರೆ ಇನ್ನೊಂದು ಎಚ್ಚರ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಅದು ತನ್ನೊಳಗೆ ಎಳೆದುಕೊಂಡಿರುತ್ತದೆ. ಹೆಸರು ಇಲ್ಲಿ, ಫೈಲು ಇಂಟರ್ನೆಟ್ಟಿನಲ್ಲಿ ಎಂಬ ಸ್ಥಿತಿ ಇರಬಹುದು. ಅಂಥವು ಮಿಂಟ್‌ನಲ್ಲಿ ತೆರೆಯುವುದಿಲ್ಲ. ಎರಡೂ ಕಡೆ ಬೇಕಾದದ್ದನ್ನು ಒನ್‌ಡ್ರೈವ್ ಫೋಲ್ಡರಿನಿಂದ ಹೊರಗೆ, ಡಿ ಡ್ರೈವಿನಲ್ಲೇ ಇಡಿ.

ನೀವು ಕೇಳಿಲ್ಲ, ಆದರೂ ಗಮನಿಸಿರುತ್ತೀರಿ: ಮಿಂಟ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಯಂತ್ರದ ಒಳಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಇದು ಫೈಲಿಗೂ ಸಂಬಂಧಿಸಿದ್ದು. ಯಾವ ಪ್ರತಿ ಹೊಸದು ಎಂದು ಬ್ಯಾಕಪ್ ಪ್ರೋಗ್ರಾಂಗಳು ನೋಡುವುದು ತಿದ್ದಿದ ಸಮಯವನ್ನೇ. ಮಿಂಟ್ ಕೂಡ ನಮ್ಮ ಸಮಯವನ್ನೇ ಒಳಗಡಿಯಾರದಲ್ಲಿ ಇಡುವ ಹಾಗೆ ಒಂದೇ ಸಾಲಿನ ಆಜ್ಞೆಯಿಂದ ಹೊಂದಿಸಬಹುದು. ಮಗನಿಗೆ ‘ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಲೋಕಲ್ ಆರ್‌ಟಿಸಿ ಆನ್ ಮಾಡು’ ಎಂದರೆ ಸಾಕು.

ಈಗ ಆ ಹೊರಗಿನ ಡಿಸ್ಕ್. ಅದರಲ್ಲಿರುವುದು ಬ್ಯಾಕಪ್ ತಾನೆ? ಎರಡೂ ಕಡೆ ತೆರೆಯಬೇಕು ಎಂದಿದ್ದರೆ ಮಿಂಟ್‌ನಲ್ಲಿ ಕೂತು, ಅದರೊಳಗಿನದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ಕಾಪಿ ಆದ ಫೈಲುಗಳಲ್ಲಿ ನಾಲ್ಕಾರು ತೆರೆದು ನೋಡಿ, ಆಮೇಲೆ ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕುವುದು ನೇರ ದಾರಿ. ಆದರೆ ಮಗ ಮಿಂಟ್‌ನ ಬ್ಯಾಕಪ್‌ಗೆ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂ ಬಳಸಿದ್ದರೆ ಎಕ್ಸ್‌ಟಿ4 ಆಗಿಯೇ ಬಿಡಿ. ಲಿನಕ್ಸ್ ಫೈಲುಗಳ ಒಡೆತನ, ಅನುಮತಿಗಳನ್ನೆಲ್ಲ ಅದು ಹಾಗೇ ಉಳಿಸಬೇಕು, ಎನ್‌ಟಿಎಫ್‌ಎಸ್ ಮೇಲೆ ಆ ಕೆಲಸ ನಡೆಯುವುದಿಲ್ಲ. ಡಿಸ್ಕ್ ದೊಡ್ಡದಿದ್ದರೆ ಎರಡು ಪಾರ್ಟಿಷನ್ ಮಾಡಿಸಿ, ಒಂದು ಅದಕ್ಕೆ, ಒಂದು ಇದಕ್ಕೆ.

ಫಾರ್ಮ್ಯಾಟ್ ಮಾಡದೆ ವಿಂಡೋಸ್‌ನಲ್ಲೇ ಓದಬೇಕಾದ ಸಂದರ್ಭವೂ ಬರಬಹುದು. ಆಗ ಡಿಸ್ಕ್‌ಇಂಟರ್ನಲ್ಸ್‌ನ ಲಿನಕ್ಸ್ ರೀಡರ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದು ಓದಿ ಕಾಪಿ ಮಾಡಿಕೊಳ್ಳಲು ಬಿಡುತ್ತದೆ, ಬರೆಯುವುದಿಲ್ಲ. ಬರೆಯುವುದಿಲ್ಲ ಎನ್ನುವುದೇ ನನಗೆ ಅದರಲ್ಲಿ ಇಷ್ಟ. ವಿಂಡೋಸ್‌ನಿಂದ ಎಕ್ಸ್‌ಟಿ4 ಮೇಲೆ ಬರೆಯುತ್ತೇವೆ ಎನ್ನುವ ಹಳೆಯ ಡ್ರೈವರುಗಳು ಸಿಗುತ್ತವೆ. ಹೊಸ ಎಕ್ಸ್‌ಟಿ4ನ ಎಲ್ಲ ಲಕ್ಷಣಗಳೂ ಅವಕ್ಕೆ ಅರ್ಥವಾಗುವುದಿಲ್ಲ. ಅವು ಬೇಡ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್‌ನದೇ ಒಂದು ದಾರಿ ಇದೆ, ಡಬ್ಲ್ಯುಎಸ್‌ಎಲ್. ಅದು ವಿಂಡೋಸ್ ಒಳಗೇ ಓಡುವ ಒಂದು ಲಿನಕ್ಸ್. ಹೊರಗಿನ ಎಕ್ಸ್‌ಟಿ4 ಹಾರ್ಡ್ ಡಿಸ್ಕನ್ನು ಅದಕ್ಕೆ ಜೋಡಿಸಿದರೆ ಆ ಒಳಗಿನ ಲಿನಕ್ಸೇ ಡಿಸ್ಕನ್ನು ಓದಿ, ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರಿಗೆ ಕೊಡುತ್ತದೆ. ಎಡಗಡೆ ಪೆಂಗ್ವಿನ್ ಚಿತ್ರದ ಪಕ್ಕ ‘ಲಿನಕ್ಸ್’ ಎಂದು ಕಾಣುವುದು ಅದೇ. ಇಲ್ಲಿ ಎರಡು ಮಿತಿಗಳಿವೆ. ಪೆನ್‌ಡ್ರೈವ್‌ಗೆ ಇದು ನಡೆಯುವುದಿಲ್ಲ. ಮತ್ತು ಡಿಸ್ಕನ್ನು ಇಡಿಯಾಗಿ ಜೋಡಿಸಬೇಕು, ಒಂದು ಪಾರ್ಟಿಷನ್ ಮಾತ್ರ ಬಿಡಿಸಿ ಕೊಡಲು ಬರುವುದಿಲ್ಲ. ಅಂದರೆ ವಿಂಡೋಸ್ ಓಡುತ್ತಿರುವ ಡಿಸ್ಕಿನಲ್ಲೇ ಇರುವ ನಿಮ್ಮ ಮಿಂಟ್ ಪಾರ್ಟಿಷನ್ ಈ ದಾರಿಯಲ್ಲಿ ಸಿಗುವುದಿಲ್ಲ. ಹೊರಗಿನ ಡಿಸ್ಕ್ ಮಾತ್ರ ಸಿಗುತ್ತದೆ. ಮಗನ ಕಾಲೇಜಿನ ಫೈಲು ನಿಮಗೆ ವಿಂಡೋಸ್‌ನಲ್ಲಿ ಬೇಕಾದರೆ ಅವನೇ ಡಿ ಡ್ರೈವಿಗೆ ಒಂದು ಪ್ರತಿ ಹಾಕಿಡಲಿ.

ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದಿದ್ದರೆ ಇಷ್ಟು ಕಥೆಯೇ ಇರುತ್ತಿರಲಿಲ್ಲ. ವೈಫೈ ಮೂಲಕ ಫೋಲ್ಡರ್ ಹಂಚಿಕೊಂಡರೆ ಸಾಕಿತ್ತು. ಲಿನಕ್ಸ್ ಕಡೆ ಅದನ್ನು ಮಾಡುವ ಸಾಂಬಾ ಪ್ರೋಗ್ರಾಂ 1992ರಿಂದ ಇದೆ. ಅಲ್ಲಿ ಈ ಯಂತ್ರ ಆ ಯಂತ್ರದ ಡಿಸ್ಕನ್ನು ಮುಟ್ಟುವುದೇ ಇಲ್ಲ. ಫೈಲ್ ಕೊಡು ಎಂದು ಕೇಳುತ್ತದೆ, ಆ ಯಂತ್ರ ತನ್ನ ಡಿಸ್ಕನ್ನು ತಾನೇ ಓದಿ ಕೊಡುತ್ತದೆ. ಡಿಸ್ಕಿನ ಮೇಲೆ ಒಂದು ಸಮಯಕ್ಕೆ ಒಬ್ಬರದೇ ಕೈ. ಈ ವಿಷಯದಲ್ಲಿ ನಾನು ಹೇಳುವ ಎಲ್ಲದರ ಬೇರು ಅದೇ.

ಇನ್ನು ಪ್ರೋಗ್ರಾಂ. ಮಿಂಟ್‌ನಲ್ಲಿ ಸಿ ಡ್ರೈವ್ ತೆರೆದರೆ ಟ್ಯಾಲಿ ಫೋಲ್ಡರ್ ಕಾಣುತ್ತದೆ, ಅದರ ಪ್ರೋಗ್ರಾಂ ಫೈಲೂ ಕಾಣುತ್ತದೆ. ಕ್ಲಿಕ್ ಮಾಡಿದರೆ ಓಡುವುದಿಲ್ಲ. ಎಕ್ಸೆಲ್ ಫೈಲು ತೆರೆಯುತ್ತದೆ, ಟ್ಯಾಲಿ ಯಾಕಿಲ್ಲ ಎಂದು ಅನ್ನಿಸುವುದು ಸಹಜ. ಎಕ್ಸೆಲ್ ಫೈಲ್ ಬರೀ ಮಾಹಿತಿ. ಅದನ್ನು ಓದಲು ಬರುವ ಯಾವ ಪ್ರೋಗ್ರಾಂ ಆದರೂ ಸಾಕು, ಮಿಂಟ್‌ನಲ್ಲಿ ಲಿಬ್ರೆಆಫೀಸ್ ಆ ಕೆಲಸ ಮಾಡುತ್ತದೆ. ಪ್ರೋಗ್ರಾಂ ಹಾಗಲ್ಲ. ಅದು ಹೆಜ್ಜೆ ಹೆಜ್ಜೆಗೂ ಸಿಸ್ಟಂ ಅನ್ನು ಏನಾದರೂ ಕೇಳುತ್ತಿರುತ್ತದೆ: ಕಿಟಕಿ ತೆರೆ, ಫೈಲು ಕೊಡು, ಪ್ರಿಂಟರ್‌ಗೆ ಕಳಿಸು. ಟ್ಯಾಲಿ ಇದನ್ನೆಲ್ಲ ವಿಂಡೋಸ್‌ನ ರೀತಿಯಲ್ಲಿ ಕೇಳುತ್ತದೆ, ವಿಂಡೋಸ್‌ನ ಡಿಎಲ್‌ಎಲ್ ಎಂಬ ನೆರವಿನ ಫೈಲುಗಳನ್ನು, ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಹುಡುಕುತ್ತದೆ. ಲಿನಕ್ಸ್‌ನಲ್ಲಿ ಅವು ಇಲ್ಲ. ಪ್ರೋಗ್ರಾಂ ಫೈಲಿನ ಒಳರಚನೆಯೇ ಎರಡು ಕಡೆ ಬೇರೆ.

ಈ ಅಂತರ ತುಂಬಲು ವೈನ್ ಎಂಬ ಪ್ರೋಗ್ರಾಂ ಇದೆ. 1993ರಲ್ಲಿ ಶುರುವಾದ ಕೆಲಸ, 1.0 ಆವೃತ್ತಿ ಬರಲು 2008 ಆಯಿತು. ವಿಂಡೋಸ್ ರೀತಿಯ ಕೋರಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ತಿರುಗಿಸಿ ಕೊಡುವುದು ಅದರ ಕೆಲಸ. ಸಣ್ಣಪುಟ್ಟ ಹಳೆಯ ಪ್ರೋಗ್ರಾಂಗಳು ಅದರಲ್ಲಿ ಚೆನ್ನಾಗಿ ಓಡುತ್ತವೆ. ಬಳಸುವುದಾದರೆ ಸಿ ಡ್ರೈವಿನಲ್ಲಿ ಇನ್‌ಸ್ಟಾಲ್ ಆಗಿರುವುದನ್ನೇ ಓಡಿಸಲು ಹೋಗಬೇಡಿ, ವೈನ್ ಒಳಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆದರೆ ಟ್ಯಾಲಿಗೆ ವೈನ್ ಬೇಡ ಎಂದೇ ಹೇಳುತ್ತೇನೆ. ಓಡಿದರೂ ಬೇಡ. ಒಂದು ಅಪ್‌ಡೇಟ್ ಬಂದು ಬಟವಾಡೆ ದಿನ ತೆರೆಯದಿದ್ದರೆ ಆಳುಗಳು ಅಂಗಳದಲ್ಲಿ ಕಾಯುತ್ತಿರುತ್ತಾರೆ. ಕೂಲಿ ಲೆಕ್ಕವನ್ನು ಅಂಥ ಅನುಮಾನದ ಮೇಲೆ ನಿಲ್ಲಿಸಬಾರದು.

ಎರಡನೇ ದಾರಿ ವರ್ಚುವಲ್‌ಬಾಕ್ಸ್. ಮಿಂಟ್ ಒಳಗೆ ಒಂದು ಕಿಟಕಿಯಲ್ಲಿ ಇಡೀ ವಿಂಡೋಸ್ ಓಡಿಸುವುದು. ಅಲ್ಲಿ ಓಡುವುದು ನಿಜವಾದ ವಿಂಡೋಸ್, ಹಾಗಾಗಿ ಪ್ರೋಗ್ರಾಂ ಓಡುತ್ತದೋ ಇಲ್ಲವೋ ಎಂಬ ಅನುಮಾನ ಕಡಿಮೆ. ಮಿಂಟ್‌ನ ಒಂದು ಫೋಲ್ಡರನ್ನು ಆ ವಿಂಡೋಸ್‌ಗೆ ಹಂಚಿಕೊಡಬಹುದು. ಅದಕ್ಕೆ ಒಳಗಿನ ವಿಂಡೋಸ್‌ನಲ್ಲಿ ಗೆಸ್ಟ್ ಅಡಿಷನ್ಸ್ ಹಾಕಿರಬೇಕು. ವಿಂಡೋಸ್ 11 ಹಾಕಲು ಮೈಕ್ರೋಸಾಫ್ಟ್ ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್. ಆ ಟಿಪಿಎಂ ಸೌಲಭ್ಯ ವರ್ಚುವಲ್‌ಬಾಕ್ಸ್‌ಗೆ 2022ರ 7.0 ಆವೃತ್ತಿಯಿಂದ ಬಂದಿದೆ. ನಿಮ್ಮ 8 ಜಿಬಿಯಲ್ಲಿ ಅರ್ಧ ಅದಕ್ಕೆ ಕೊಟ್ಟರೆ ಉಳಿದ 4ರಲ್ಲಿ ಮಿಂಟ್ ನಡೆಯಬೇಕು. ನಡೆಯುತ್ತದೆ, ಆದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಿಟ್ಟರೆ ಎರಡೂ ತೆವಳುತ್ತವೆ. 16 ಜಿಬಿ ಮಾಡಿಸಿದರೆ ಹಾಯಾಗಿರುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಈ ಒಳಗಿನ ವಿಂಡೋಸ್‌ಗೆ ಸಾಲುವುದಿಲ್ಲ, ಬೇರೆ ಬೇಕು. ಟ್ಯಾಲಿ ಲೈಸೆನ್ಸನ್ನು ಅಲ್ಲಿಗೆ ಹೇಗೆ ವರ್ಗಾಯಿಸಬೇಕು ಎಂದೂ ನಿಮಗೆ ಕೊಟ್ಟವರನ್ನೇ ಮೊದಲು ಕೇಳಿ. ಡಿಸ್ಕಿನಲ್ಲಿ ಈಗಾಗಲೇ ಇರುವ ವಿಂಡೋಸ್ ಪಾರ್ಟಿಷನ್ನನ್ನೇ ವರ್ಚುವಲ್‌ಬಾಕ್ಸ್ ಒಳಗೆ ಓಡಿಸುವ ಉಪಾಯವೊಂದಿದೆ. ಕೇಳಲು ಚೆನ್ನಾಗಿದೆ. ಆದರೆ ಅತ್ತ ವಿಂಡೋಸ್ ಬರೆಯುತ್ತಿರುವ ಡ್ರೈವನ್ನೇ ಇತ್ತ ಮಿಂಟ್‌ನಲ್ಲೂ ತೆರೆದುಬಿಟ್ಟರೆ ಎರಡು ಕೈ ಒಂದೇ ಡಿಸ್ಕಿನ ಮೇಲೆ. ದಯವಿಟ್ಟು ಆ ಕಡೆ ಹೋಗಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಟ್ಯಾಲಿಗೆ ರೀಸ್ಟಾರ್ಟ್ ಮಾಡುತ್ತಲೇ ಇರುತ್ತಿದ್ದೆ. ಚೆಕ್‌ರೋಲ್, ಮಳೆ ದಾಖಲೆಯ ದಿನದ ಕೆಲಸ ಮಿಂಟ್‌ನಲ್ಲಿ ಲಿಬ್ರೆಆಫೀಸ್‌ನಿಂದ. ಬಟವಾಡೆ ದಿನ ವಿಂಡೋಸ್‌ಗೆ ಹೋಗಿ ಟ್ಯಾಲಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವುದು. ಟ್ಯಾಲಿ ಡೇಟಾ ಫೋಲ್ಡರನ್ನು ಡಿ ಡ್ರೈವಿನಲ್ಲಿಟ್ಟರೆ, ಮಿಂಟ್‌ನಲ್ಲಿದ್ದಾಗ ಅದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದು ಬಹಳ ಸುರಕ್ಷಿತ. ಟ್ಯಾಲಿ ಆಗ ಓಡುತ್ತಿರುವುದಿಲ್ಲ, ಫೈಲುಗಳು ಅರ್ಧ ಬರೆದ ಸ್ಥಿತಿಯಲ್ಲಿರುವುದಿಲ್ಲ. ಎರಡು ಸಿಸ್ಟಂ ಇರುವುದರ ದೊಡ್ಡ ಲಾಭ ಇದೇ ಎಂದು ನನಗನ್ನಿಸುತ್ತದೆ.

ಕೊನೆಗೆ ನುಡಿ. ಇಲ್ಲಿ ಪ್ರೋಗ್ರಾಂ ಓಡಿಸುವ ಅಗತ್ಯವೇ ಇಲ್ಲ. ನಿಮ್ಮ ಹಳೆಯ ಪತ್ರಗಳನ್ನು ಮಿಂಟ್‌ನಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಗೆರೆ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡಿರುತ್ತವೆ. ಫೈಲ್ ಕೆಟ್ಟಿಲ್ಲ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಬರಹ ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪಿದ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಆ ವಿಚಿತ್ರ ಅಕ್ಷರಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ರೂಪ ಕಳಚುತ್ತದೆ. ಮಿಂಟ್‌ನಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಫೋಲ್ಡರ್ ತೆರೆದು, ನುಡಿ ಹೆಸರಿನ ಫಾಂಟುಗಳನ್ನು ನಿಮ್ಮ ಹೋಮ್ ಫೋಲ್ಡರಿಗೆ ಕಾಪಿ ಮಾಡಿ. ಇದಕ್ಕೆ ಡ್ರೈವ್ ‘ರೀಡ್ ಓನ್ಲಿ’ ಇದ್ದರೂ ಪರವಾಗಿಲ್ಲ. ಒಂದೊಂದನ್ನೂ ತೆರೆದು ‘ಇನ್‌ಸ್ಟಾಲ್’ ಒತ್ತಿ, ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆಯಿರಿ, ಪತ್ರ ಕನ್ನಡದಲ್ಲಿ ಕಾಣುತ್ತದೆ.

ಹೊಸದಾಗಿ ಟೈಪ್ ಮಾಡಲು ಮಿಂಟ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು ಸೇರಿಸಿದರೆ ಕನ್ನಡದ ಹಲವು ಕೀಲಿಮಣೆಗಳು ಬರುತ್ತವೆ. ಅದರಲ್ಲಿ ‘ಕೆಜಿಪಿ’ ಎಂದಿರುವುದು ನೀವು ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸವೇ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಅದರಿಂದ ಬರುವುದು ಯುನಿಕೋಡ್, ವಿಂಡೋಸ್‌ನಲ್ಲಿ ಯಾವ ಫಾಂಟೂ ಹಾಕದೆ ತೆರೆಯುತ್ತದೆ. ಹಳೆಯ ಪತ್ರಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಇವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ನುಸುಳಿದರೆ ಅಲ್ಲೇ ನುಸುಳಿರುತ್ತದೆ. ತೋಟದ ಕ್ರಯಪತ್ರ, ಬ್ಯಾಂಕಿನ ಪತ್ರಗಳಂಥವುಗಳ ಮೂಲ ಫೈಲನ್ನು ಅಳಿಸಬೇಡಿ, ಬದಲಿಸಿದ ಪ್ರತಿಯ ಪಕ್ಕದಲ್ಲೇ ಇರಲಿ.